ಗೇರಿನ ಸೈಕಲ್ಲಿಗೆ ಅಮಾವಾಸ್ಯೆಯ ಎಣ್ಣೆ

ನನ್ನ ಹೆಂಡತಿ ಶಿವಗಂಗಾಳ ಹಠ ಬಿಡಿಸುವ ಗಂಡಸು ನಮ್ಮ ಮಕ್ತಲ್‌ನಲ್ಲಿ ಇನ್ನೂ ಹುಟ್ಟಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಪ್ರಯತ್ನಪಟ್ಟು ನೋಡಿದೆ. ಆಮೇಲೆ ಬುದ್ಧಿ ಬಂತು. ಈಗ ಅವಳು ಹಠ ಹಿಡಿದಾಗ ಒಂದಿಷ್ಟು ದೂರ ನಿಂತು ನೋಡುತ್ತೇನೆ. ಅದೂ ಒಂದು ಸುಖವೇ.

ಅವಳು ನರ್ಸು. ಕೃಷ್ಣಾ ನದಿಯ ದಿಕ್ಕಿಗಿರುವ ಒಂದು ಸಣ್ಣ ಹಳ್ಳಿಯ ದವಾಖಾನೆಯಲ್ಲಿ ಕೆಲಸ. ಡಾಕ್ಟರು ಆಗಾಗ ಬರುತ್ತಾರೆ, ಉಳಿದ ದಿನ ಆ ಊರಿಗೆ ಇವಳೇ ಎಲ್ಲ. ಬಿ.ಪಿ. ನೋಡುವವಳು, ಗಾಯ ತೊಳೆಯುವವಳು, ಕುಡಿದು ಬಂದವನನ್ನು ಬೈದು ಕಳಿಸುವವಳು. ಬೆಳಿಗ್ಗೆ ಹೋಗಲು ಒಂದು ಬಸ್ಸಿತ್ತು. ಒಂದು ದಿನ ಆ ಬಸ್ಸು ಬರಲಿಲ್ಲ, ಮರುದಿನವೂ ಬರಲಿಲ್ಲ, ಆಮೇಲೆ ಅದು ಇನ್ನು ಬರುವುದೇ ಇಲ್ಲವೆಂದು ತಿಳಿಯಿತು. ಅದರ ನಂತರದ ಬಸ್ಸು ಹಿಡಿದರೆ ಅವಳು ದವಾಖಾನೆಯ ಬೀಗ ತೆಗೆಯುವಷ್ಟರಲ್ಲಿ ರೋಗಿಗಳು ಕಾದು ಸಾಕಾಗಿ ಹೊಲಕ್ಕೆ ಹೋಗಿಬಿಟ್ಟಿರುತ್ತಿದ್ದರು. ಮೇಲಿನವರು ಕರೆದು ಹೇಳಿದರು: ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಬೇರೆಯವರನ್ನು ಹಾಕಬೇಕಾಗುತ್ತದೆ.

ನಾನು ಬಿಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮದು ಕಿರಾಣಿ ಅಂಗಡಿ. ಬೆಳಗಿನ ಹೊತ್ತು ನಾನು ಗಾಡಿ ತೆಗೆದುಕೊಂಡು ನಾರಾಯಣಪೇಟೆಗೋ ಧನ್ವಾಡಕ್ಕೋ ಮಾಲಿಗೆ ಓಡಬೇಕು. ಇನ್ನು ಸ್ಕೂಟಿ. ಅದನ್ನು ಕಲಿಯಲು ಹೋಗಿ ನನ್ನ ಹೆಂಡತಿ ನಮ್ಮ ಓಣಿಯ ಬೇವಿನ ಕಟ್ಟೆಯನ್ನು ಅರ್ಧ ಕೆಡವಿದ್ದಳು. ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ಹಿರಿಯರು ಇವತ್ತಿಗೂ ಅವಳನ್ನು ಕಂಡರೆ ಕಾಲು ಮೇಲೆತ್ತಿಕೊಳ್ಳುತ್ತಾರೆ. ಅಂದಿನಿಂದ ಇಂಜಿನ್ ಇರುವ ಯಾವುದನ್ನೂ ಮುಟ್ಟುವುದಿಲ್ಲ ಎಂದು ಅವಳೇ ಆಣೆ ಇಟ್ಟುಕೊಂಡಿದ್ದಾಳೆ.

"ಬಸ್ಸಾ ಇಲ್ಲಂದ ಮ್ಯಾಲ ಕೆಲಸ ಎಲ್ಲಿಂದ ಬಂತು? ಬಿಟ್ಟುಬಿಡು. ಬಂದು ಅಂಗಡ್ಯಾಗ ಕೂಡು," ಎಂದಳು ನಮ್ಮವ್ವ.

ನಮ್ಮವ್ವನ ಹೆಸರು ಗುರುಲಿಂಗಮ್ಮ. ಅಪ್ಪ ಹೋದ ಮೇಲೆ ಅಂಗಡಿಯ ಗಲ್ಲಾದ ಹಿಂದೆ ಕೂತವಳು ಇನ್ನೂ ಎದ್ದಿಲ್ಲ. ಸೊಸೆಯ ಮೇಲೆ ಅವಳಿಗೆ ದ್ವೇಷವೇನಿಲ್ಲ. ಆದರೆ ಅವಳು ಯಾವ ಮಾತನ್ನೂ ತೂಕ ಹಾಕದೆ ಆಡುವವಳಲ್ಲ, ಆಡಿದ ಮೇಲೆ ಒಂದು ಕಾಳಿನಷ್ಟೂ ಕಡಿಮೆ ಮಾಡುವವಳಲ್ಲ.

ಅವತ್ತು ಸಂಜೆ ಶಿವಗಂಗಾ ಒಣಹಾಕಿದ ಬಟ್ಟೆ ತರಲು ಮಾಳಿಗೆಗೆ ಹೋದವಳು ಬಹಳ ಹೊತ್ತು ಕೆಳಗಿಳಿಯಲಿಲ್ಲ. ನಾನು ಹತ್ತಿ ನೋಡಿದರೆ ಅವಳು ಅವ್ವನ ಹೀರೇಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಳ್ಳಿಯ ಒಳಗೆ ನನ್ನ ಗೇರಿನ ಸೈಕಲ್ಲಿತ್ತು.

ಆ ಸೈಕಲ್ಲಿನ ವೈಭವ ಈಗಿನವರಿಗೆ ಗೊತ್ತಿಲ್ಲ. ನಾನು ಕಾಲೇಜಿಗೆ ಸೇರಿದಾಗ ಅಪ್ಪ ಹೈದರಾಬಾದಿನಿಂದ ತರಿಸಿದ್ದು. ಗುಡ್ಡ ಹತ್ತುವ ಸೈಕಲ್ ಅಂತ ಅದರ ಹೆಸರು. ದಪ್ಪ ಟಯರು, ನೇರ ಹ್ಯಾಂಡಲು, ಹೆಬ್ಬೆರಳಿನಿಂದ ತಳ್ಳಿದರೆ ಬದಲಾಗುವ ಗೇರು. ನಮ್ಮೂರಲ್ಲಿ ಹತ್ತಲು ಗುಡ್ಡವೇ ಇರಲಿಲ್ಲ, ಆದ್ದರಿಂದ ನಾನು ಅದನ್ನು ಹುಡುಗಿಯರ ಕಾಲೇಜಿನ ಮುಂದೆ ಅಡ್ಡಾಡಿಸಿದೆ. ಆಮೇಲೆ ಮೋಟರ್ ಗಾಡಿ ಬಂತು, ಸೈಕಲ್ ಮಾಳಿಗೆ ಸೇರಿತು. ಅವ್ವ ಮೊದಲು ಅದರ ಮೇಲೆ ಮೆಣಸಿನಕಾಯಿಯ ಚೀಲ ಹಾಕಿದಳು, ಆಮೇಲೆ ಬಳ್ಳಿ ಹಬ್ಬಿಸಿದಳು.

"ಇದರ ಮೈ ಗಟ್ಟಿ ಐತ್ರಿ," ಎಂದಳು ಶಿವಗಂಗಾ. ಸೈಕಲ್ಲಿನ ಕೊಳವೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. "ತುಕ್ಕು ಮ್ಯಾಲ ಮ್ಯಾಲ ಅಷ್ಟಾ. ಒಳಗ ಜೀವ ಐತಿ."

"ಅದು ಸತ್ತು ಇಪ್ಪತ್ತು ವರ್ಷ ಆತು," ಎಂದೆ.

"ನೀವು ನಾಡಿ ನೋಡೀರೇನು?"

ಅವಳು ಧನ್ವಾಡದ ಹುಡುಗಿ. ಅಲ್ಲಿ ಹೊಲದ ದಾರಿಯಲ್ಲಿ ಸೈಕಲ್ ತುಳಿದೇ ಶಾಲೆ ಕಲಿತವಳು. ಇಂಜಿನ್ನಿಗೆ ಹೆದರುತ್ತಾಳೆ ಹೊರತು ಚಕ್ರಕ್ಕೆ ಹೆದರುವುದಿಲ್ಲ. ನಾನು ಬಟ್ಟೆ ಎತ್ತಿಕೊಂಡು ಕೆಳಗಿಳಿದೆ. ಬೇಡವೆಂದರೂ ಕೇಳುವವರು ಅಲ್ಲಿ ಯಾರಿದ್ದರು?

ಸೈಕಲ್ಲಿನ ಸುದ್ದಿ ಕೇಳಿ ಅವ್ವನಿಗೆ ಅಪ್ಪನ ನೆನಪಾಯಿತು. ನಮ್ಮಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮತ್ತೆ ಏಳಲೇ ಇಲ್ಲ. ಸಾಯುವ ತನಕ ಅವನನ್ನು ಎತ್ತಿ ಕೂಡಿಸಿ, ಮಲಗಿಸಿ ಮಾಡಿದ್ದು ಅವ್ವನೇ. ಎರಡು ಚಕ್ರದ ಮೇಲೆ ಹೋಗುವುದೆಲ್ಲ ಅವಳ ಕಣ್ಣಿಗೆ ಬೀಳಲಿಕ್ಕೇ ಹೊರಟದ್ದು.

"ಸೈಕಲ್ ಹೊಡಿ, ನಾ ಬ್ಯಾಡ ಅನ್ನಂಗಿಲ್ಲ," ಎಂದಳು ಕೊನೆಗೆ. "ಆದ್ರ ಒಂದು ಸಲ ಬಿದ್ದಿ ಅಂದ್ರ ಅವತ್ತಿಗೆ ಕೆಲಸ ಮುಗೀತು. ಒಪ್ಪಿಗೆ ಏನು?"

"ಒಪ್ಪಿಗೆ ಐತ್ರಿ ಅತ್ತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಒಪ್ಪಿಗೆ ಮಾಡಿಕೊಂಡರೆ ಅದು ಕೋರ್ಟಿನ ತೀರ್ಪಿಗಿಂತ ಗಟ್ಟಿ.

ಅವಳು ಮಾಡಿದ ಮೊದಲ ಕೆಲಸ ಬಳ್ಳಿ ಬಿಡಿಸಿದ್ದು. ನಾನಾಗಿದ್ದರೆ ಕತ್ತರಿ ಹಾಕುತ್ತಿದ್ದೆ. ಅವಳು ಒಂದೊಂದೇ ಕುಡಿಯನ್ನು ಚಕ್ರದ ಕಡ್ಡಿಗಳಿಂದ ಬಿಡಿಸಿ, ಪಕ್ಕದಲ್ಲಿ ಬಿದಿರಿನ ಗಳ ನೆಟ್ಟು ಅದಕ್ಕೆ ಹಬ್ಬಿಸಿದಳು. ಬಳ್ಳಿ ಬಾಡಲಿಲ್ಲ, ಅವತ್ತೂ ಹೀರೇಕಾಯಿ ಪಲ್ಯವಾಯಿತು. ಅವ್ವ ಮಾಳಿಗೆಗೆ ಹತ್ತಿ ಬಳ್ಳಿ ನೋಡಿ ಇಳಿದಳು.

ಆಮೇಲೆ ನಮ್ಮ ಹಿತ್ತಲು ದವಾಖಾನೆಯಾಯಿತು. ಸೈಕಲ್ಲನ್ನು ಪೂರ್ತಿ ಬಿಚ್ಚಿ ಹಳೆಯ ತಟ್ಟಿನ ಮೇಲೆ ಮಲಗಿಸಿದಳು. ಬಿಚ್ಚಿದ ಒಂದೊಂದು ನಟ್ಟನ್ನೂ ಖಾಲಿ ಮಾತ್ರೆ ಡಬ್ಬಿಗಳಲ್ಲಿ ಹಾಕಿ, ಮೇಲೆ ಯಾವುದು ಎಲ್ಲಿಯದು ಎಂದು ಬರೆದಿಟ್ಟಳು. ಚೈನು ತುಕ್ಕು ಹಿಡಿದು ಒಣ ನಾಗರಹಾವಿನ ಹಾಗೆ ಸೆಟೆದುಕೊಂಡಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ದಿನಾ ಸಂಜೆ ಬಂದು ಒಂದೊಂದೇ ಕೊಂಡಿಯನ್ನು ಬಾಗಿಸಿ, ಮತ್ತೆ ನೆನೆಹಾಕುತ್ತಿದ್ದಳು. ಮುರಿದ ಕೈಯನ್ನು ಪ್ಲಾಸ್ಟರ್ ಬಿಚ್ಚಿದ ಮೇಲೆ ಹೀಗೇ ಮಡಿಸಲು ಕಲಿಸುತ್ತಾರಂತೆ. ಹುಣಸೆಹಣ್ಣು ಹಚ್ಚಿ ಹ್ಯಾಂಡಲು ತಿಕ್ಕಿದಳು, ಅದು ಅವ್ವನ ತಾಮ್ರದ ಕೊಡದ ಜೊತೆಗೆ ಬಿಸಿಲಿಗೆ ಹೊಳೆಯಿತು. ಸೀಟಿನ ಕೊಳವೆ ಚೌಕಟ್ಟಿಗೆ ಅಂಟಿಕೊಂಡುಬಿಟ್ಟಿತ್ತು. ನಾನು ಸುತ್ತಿಗೆ ತಂದೆ.

"ಅದನ್ನ ಒಳಗ ಇಡ್ರಿ," ಎಂದಳು. "ಹೊಡೆದು ಬಿಡಿಸಿದ್ದು ಬಿಡಿಸಿದಂಗಲ್ಲ."

ಸೂಜಿ ತೆಗೆದ ಸಿರಿಂಜಿನಿಂದ ಆ ಸಂದಿಗೆ ಎಣ್ಣೆ ಬಿಟ್ಟಳು, ಮೇಲೆ ಬಿಸಿನೀರು ಸುರಿದಳು, ಕಾದಳು. ಮರುದಿನ ಮತ್ತೆ ಅದನ್ನೇ ಮಾಡಿದಳು. ವಾರ ಕಳೆದ ಮೇಲೆ ಒಂದು ಮುಂಜಾನೆ ಅವಳು ಹಿಡಿದು ತಿರುಗಿಸಿದರೆ ಅದು ಮೆಲ್ಲಗೆ ಕುಂಯ್ ಅಂತ ತಿರುಗಿತು. ಆ ಸದ್ದಿಗೆ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ನನಗೆ ಆ ಸೈಕಲ್ಲಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹಿಂದಿನ ಚಕ್ರದ ಹಲ್ಲಿನ ಚಕ್ರ, ಫ್ರೀವೀಲ್ ಅನ್ನುತ್ತಾರೆ, ಅದು ಮಾತ್ರ ಪೂರ್ತಿ ಸವೆದುಹೋಗಿತ್ತು. ಮಕ್ತಲ್‌ನಲ್ಲಿ ಸಿಗಲಿಲ್ಲ. ನಾರಾಯಣಪೇಟೆಯಲ್ಲಿ ಕೇಳಿದರೆ ನಕ್ಕರು. ಗದ್ವಾಲದಲ್ಲಿ ಅಂಜನಕುಮಾರ್ ಎಂಬ ಹಳೆ ಸೈಕಲ್ ವ್ಯಾಪಾರಿ ಇದ್ದಾನೆಂದು ಯಾರೋ ಹೇಳಿದರು. ರವಿವಾರ ಇಬ್ಬರೂ ಬಸ್ಸು ಹತ್ತಿದೆವು. ಜೂರಾಲ ಅಣೆಕಟ್ಟು ದಾಟುವಾಗ ಎಲ್ಲರೂ ಕಿಟಕಿಯಿಂದ ನೀರು ನೋಡಿದರೆ ನನ್ನ ಹೆಂಡತಿ ಮಡಿಲಲ್ಲಿಟ್ಟುಕೊಂಡ ಸವೆದ ಹಲ್ಲಿನ ಚಕ್ರವನ್ನೇ ನೋಡುತ್ತಿದ್ದಳು.

ಅಂಜನಕುಮಾರ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಈ ಬಂಡಿ ಇಂಕಾ ಬತಿಕುಂದಾ ಅಮ್ಮಾ?" ಎಂದ. ಇದು ಇನ್ನೂ ಬದುಕಿದೆಯಾ ಎಂದು ತೆಲುಗಿನಲ್ಲಿ ಕೇಳಿದ್ದು.

"ಬತಿಕಿಸ್ತಾ," ಎಂದಳು ಇವಳು. ಬದುಕಿಸುತ್ತೇನೆ.

ಅವನು ಅವಳನ್ನೊಮ್ಮೆ ನೋಡಿ ಒಳಗೆ ಹೋದ. ಧೂಳಿನಿಂದ ಮೇಲೆದ್ದು ಬರುವಾಗ ಅವನ ಕೈಯಲ್ಲಿ ಕಾಗದ ಸುತ್ತಿದ ಹೊಸ ಫ್ರೀವೀಲ್ ಇತ್ತು, ಜೊತೆಗೆ ಹಳೆ ಕಾಲದ ದಪ್ಪ ಬ್ರೇಕ್ ರಬ್ಬರುಗಳೂ ಇದ್ದವು. ನಾನು ಮಾತಾಡಿದ್ದರೆ ಅವನು ಬರಿಗೈಯಲ್ಲೇ ಕಳಿಸುತ್ತಿದ್ದ, ಅದು ನನಗೆ ಗೊತ್ತು.

ಚಕ್ರದ ಬೆಂಡು ತೆಗೆದದ್ದೂ ಅವಳೇ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಚೌಕಟ್ಟಿಗೆ ಸೀಮೆಸುಣ್ಣದ ತುಂಡು ಕಟ್ಟಿ, ಚಕ್ರ ತಿರುಗಿಸಿ, ಸುಣ್ಣ ತಾಗಿದ ಕಡೆ ಕಡ್ಡಿ ಬಿಗಿ ಮಾಡುತ್ತಿದ್ದಳು. ಬೇರಿಂಗ್ ಗುಂಡುಗಳಿಗೆ ಗ್ರೀಸು ತುಂಬಿದ ಮೇಲೆ ಏನು ಮಾಡಿದಳು ಗೊತ್ತೇ? ಸ್ಟೆತಸ್ಕೋಪ್ ತಂದು ಕಿವಿಗಿಟ್ಟುಕೊಂಡು ಚಕ್ರದ ನಡುವಿಗೆ ಹಚ್ಚಿ, ಇನ್ನೊಂದು ಕೈಯಿಂದ ತಿರುಗಿಸಿದಳು.

"ಉಸಿರು ಹೆಂಗೈತಿ?" ಎಂದು ಕೇಳಿದೆ.

"ಒಂದು ಮರಳಿನ ಕಣ ಉಳಿದೈತಿ," ಎಂದು ಮತ್ತೆ ಬಿಚ್ಚಿದಳು.

ನಾನು ನಗಬೇಕೆಂದಿದ್ದೆ. ಆದರೆ ಅವಳು ಒಂದು ಸೂಜಿಮೊನೆಯಷ್ಟು ಕಣವನ್ನು ಬಟ್ಟೆಯ ಮೇಲೆ ತೆಗೆದಿಟ್ಟಾಗ ನಗು ಬರಲಿಲ್ಲ. ಇಂಥವಳ ಕೈಗೆ ಸಿಕ್ಕ ರೋಗಿಗಳು ಪುಣ್ಯವಂತರು ಎಂದು ನನ್ನ ಮನಸ್ಸಿಗೆ ಆವತ್ತು ನಿಜವಾಗಿ ಅನಿಸಿತು.

ಗುಡ್ಡ ಹತ್ತಬೇಕಿದ್ದ ಸೈಕಲ್ಲಿಗೆ ಈಗ ಸಂಸಾರದ ರೂಪ ಬಂತು. ಕೆಸರು ಸಿಡಿಯದಂತೆ ಮಡಗಾರ್ಡು, ಚೂಡಿದಾರ ಸಿಕ್ಕದಂತೆ ಚೈನಿಗೆ ಮುಚ್ಚಳ, ಹಿಂದೆ ಲಸಿಕೆಯ ಡಬ್ಬಿ ಕೂಡಲು ಅಗಲವಾದ ಕ್ಯಾರಿಯರ್, ಎಮ್ಮೆಗಳಿಗೆ ಕೇಳುವಂಥ ಗಂಟೆ. ಒಂದು ಸೋಮವಾರ ಮುಂಜಾನೆ ಅವಳು ಕಾಲೆತ್ತಿ ಹತ್ತಿ ಕೂತು ಓಣಿ ದಾಟಿದಳು. ಬೇವಿನ ಕಟ್ಟೆಯ ಹಿರಿಯರು ರೂಢಿಯಂತೆ ಕಾಲು ಮೇಲೆತ್ತಿದರು. ಅವಳು ಗಂಟೆ ಬಾರಿಸಿ ಹೋದಳು.

ಆ ದಿನದಿಂದ ದವಾಖಾನೆಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯಿತು. ಮೇಲಿನವರು ಮತ್ತೆ ಕರೆಯಲಿಲ್ಲ. ಅವ್ವ ದಿನಾ ಸಂಜೆ ಗಲ್ಲಾದ ಹಿಂದಿನಿಂದ ಕುತ್ತಿಗೆ ಚಾಚಿ ಸೊಸೆಯ ಮೊಣಕೈ, ಮೊಣಕಾಲು ನೋಡುತ್ತಿದ್ದಳು. ತರಚಿದ ಗುರುತು ಕಾಣದಿದ್ದರೆ ತೂಕದ ಕಡೆ ತಿರುಗುತ್ತಿದ್ದಳು.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಮಿಂದು ವಿಭೂತಿ ಧರಿಸಿ, ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ದುಡಿಯುವ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುತ್ತಾಳೆ. ದುಡಿಯುವ ಕಬ್ಬಿಣ ಅಂದರೆ ಮನೆಗೆ ಅನ್ನ ತರುವಂಥದ್ದು. ತಕ್ಕಡಿಯ ದಂಡಿಗೆ, ತೂಕದ ಕಲ್ಲುಗಳಿಗೆ, ಬೆಲ್ಲ ಒಡೆಯುವ ಸುತ್ತಿಗೆಗೆ. ಎಣ್ಣೆ ಹಚ್ಚಿ ಮೂರು ಬೆರಳು ವಿಭೂತಿ ಎಳೆಯುತ್ತಾಳೆ. ಕರೆಂಟಿನ ತಕ್ಕಡಿಗೆ ವಿಭೂತಿ ಉಂಟು, ಎಣ್ಣೆ ಇಲ್ಲ, ಅದಿನ್ನೂ ಮನೆಯದಾಗಿಲ್ಲವಂತೆ. ನನ್ನ ಮೋಟರ್ ಗಾಡಿಗೆ ಇವತ್ತಿನವರೆಗೂ ಎಣ್ಣೆಯ ಭಾಗ್ಯ ಸಿಕ್ಕಿಲ್ಲ. ಅದು ದುಡಿಯುವುದಕ್ಕಿಂತ ತಿನ್ನುವುದೇ ಹೆಚ್ಚು ಎಂದು ಅವ್ವನ ತೀರ್ಮಾನ.

ಒಂದು ಬುಧವಾರ ಅಮಾವಾಸ್ಯೆ ಬಂತು. ಲಸಿಕೆಯ ದಿನವೂ ಹೌದು. ನಾನು ಮಾಲಿಗೆ ಹೊರಡುವ ಅವಸರದಲ್ಲಿ ಹಿತ್ತಲಿಗೆ ಬಂದರೆ ಶಿವಗಂಗಾ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ತುಂಬಿದ್ದವು. ಸೈಕಲ್ಲಿನ ಹ್ಯಾಂಡಲಿನ ಮೇಲೆ ಮೂರು ಬೆರಳು ವಿಭೂತಿ ಇತ್ತು. ಮೈತುಂಬ ಎಣ್ಣೆ, ಅಡಿಯಿಂದ ಮುಡಿಯವರೆಗೆ ಫಳಫಳ ಹೊಳೆಯುತ್ತಿತ್ತು. ಅವ್ವ ಯಾರಿಗೂ ಹೇಳದೆ ಹಚ್ಚಿ ಅಂಗಡಿಗೆ ಹೋಗಿಬಿಟ್ಟಿದ್ದಳು.

"ನೋಡಿದ್ರೇನು?" ಎಂದಳು ಇವಳು. ದಿನಾ ಹೊರಡುವ ಮುಂಚೆ ಬ್ರೇಕು ಹಿಡಿದು ನೋಡುವವಳು ಅವತ್ತು ಹ್ಯಾಂಡಲಿಗೆ ಕೈಮುಗಿದು ಹಾಗೇ ಹತ್ತಿ ಹೋದಳು.

ಮಧ್ಯಾಹ್ನ ನಾನು ಮಾಲು ಇಳಿಸುವಾಗ ಕುರಿಗಾರ ಆಶಪ್ಪ ತಂಬಾಕಿಗೆ ಅಂಗಡಿಗೆ ಬಂದ. ನಮ್ಮ ಹಳೆಯ ಗಿರಾಕಿ, ಹೆಗಲ ಮೇಲೆ ಕಂಬಳಿ ಇಲ್ಲದೆ ಅವನನ್ನು ನಾನು ಕಂಡಿಲ್ಲ. ಗಲ್ಲಾದ ಹಿಂದೆ ಅವ್ವ ಇದ್ದಳು.

"ಅವ್ವಾರ, ನಿಮ್ಮ ನರ್ಸಮ್ಮ ನನ್ನ ಕುರಿ ಉಳಿಸ್ಯಾಳ," ಎಂದ. "ಕೆರಿ ಕಟ್ಟಿ ಇಳಿಜಾರ್ದಾಗ ಸೈಕಲ್ ಬಿಟ್ಟ ಬಾಣದಂಗ ಬಂತು. ಕೆಳಗ ನನ್ನ ಹಿಂಡು ಅಡ್ಡ ಇತ್ತು. ಆಕಿ ಹ್ಯಾಂಡಲ್ ತಿರುವಿ ತೊಗರಿ ಕಟ್ಟಿಗಿ ಒಟ್ಟಿನ್ಯಾಗ ನುಗ್ಗಿದ್ಳು. ಮರಿಗೆ ಒಂದು ಕೂದಲು ಕೊಂಕಿಲ್ಲ. ಮೈಲಾರಲಿಂಗ ಆಕಿನ್ನ ಚೆಂದಂಗ ಇಡ್ಲಿ."

"ಬಿದ್ಳೇನು?" ಎಂದಳು ಅವ್ವ.

"ಬಿದ್ಳು. ಬಿದ್ರೂ ಲಸಿಕಿ ಡಬ್ಬಿ ಬೀಳಗೊಡ್ಲಿಲ್ಲ. ಎದ್ದು ಮೊಣಕೈ ಮಣ್ಣು ಝಾಡಿಸಿಕೊಂಡು, ಮಕ್ಕಳು ಕಾಯ್ತಾವ ಅಂತಂದು ಸೈಕಲ್ ತಳ್ಳಿಕೋತ ನಡದಾ ಬಿಟ್ಳು."

ಆಶಪ್ಪ ಹೊಗಳಿಕೆಯೆಂದು ತಂದದ್ದು ಅವ್ವನ ಕಿವಿಗೆ ಬೇರೆಯಾಗಿ ಬಿತ್ತು. ಅವನಿಗೆ ತಂಬಾಕು ಕೊಟ್ಟಳು.

ಸಂಜೆ ಶಿವಗಂಗಾ ಸೈಕಲ್ ತಳ್ಳಿಕೊಂಡೇ ಬಂದಳು. ಮೊಣಕೈಗೆ ಪಟ್ಟಿ, ಚೂಡಿದಾರ ಒಂದು ಕಡೆ ಹರಿದಿತ್ತು. ಲಸಿಕೆ ಎಲ್ಲ ಮಕ್ಕಳಿಗೂ ಹಾಕಿ ಬಂದಿದ್ದಳು. ಅವ್ವ ಪಡಸಾಲೆಯಲ್ಲಿ ಕಾಯುತ್ತಿದ್ದಳು.

"ಬಿದ್ದಿಯೇನು?"

"ಹೂಂರಿ ಅತ್ತಿ. ಬಿದ್ದೀನಿ."

"ಹೆಂಗ?"

"ನನ್ನ ಲಕ್ಷ್ಯ ಇರ್ಲಿಲ್ರಿ."

ಸೈಕಲ್ಲಿನ ಬೀಗದ ಕೈ ತೆಗೆದು ಅವ್ವನ ಪಕ್ಕದಲ್ಲಿಟ್ಟು, ಮುಖ ತೊಳೆಯಲು ಒಳಗೆ ಹೋದಳು. ಅವಳ ಲಕ್ಷ್ಯ ಇರಲಿಲ್ಲವೆಂದರೆ ನಾನು ನಂಬಬೇಕೇ? ಹಿತ್ತಲಿಗೆ ಹೋಗಿ ಸೈಕಲ್ಲಿನ ಚಕ್ರ ಮುಟ್ಟಿ ನೋಡಿದೆ. ರಿಮ್ಮಿನ ಎರಡೂ ಅಂಚು ಜಾರುತ್ತಿದ್ದವು. ಬ್ರೇಕಿನ ರಬ್ಬರು ಕಚ್ಚಬೇಕಾದ ಜಾಗ ಅದು. ಅಲ್ಲಿ ಎಣ್ಣೆ ಹಚ್ಚಿದರೆ ಬ್ರೇಕು ಎಲ್ಲಿಂದ ಹಿಡಿಯಬೇಕು? ನನಗೆ ತಲೆ ಕೆಟ್ಟುಹೋಯಿತು. ನೇರ ಬಚ್ಚಲಿಗೆ ನುಗ್ಗಿದೆ.

"ಅವ್ವನ ಎಣ್ಣಿಗೆ ನೀ ಬಿದ್ದೀದಿ. ಹೋಗಿ ಹೇಳು, ಇಲ್ಲಾಂದ್ರ ನಾ ಹೇಳ್ತೀನಿ. ನಿನ್ನ ಕೆಲಸ ಹೋಗತೈತಿ."

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಹಿಡಿತ ಬಿಗಿಯಾಗಿತ್ತು.

"ಹೇಳಬ್ಯಾಡ್ರಿ. ದುಡಿಯೋ ಕಬ್ಬಿಣಕ್ಕ ಅಷ್ಟಾ ಅತ್ತಿ ಎಣ್ಣಿ ಹಚ್ಚತಾರ ಅಂತ ನೀವಾ ಹೇಳಿದ್ರಿ. ಇವತ್ತು ನನ್ನ ಸೈಕಲ್ಲಿಗೆ ಹಚ್ಯಾರ. ಆ ಕೈಗೆ ತಪ್ಪು ಹೊರಿಸಿ ನಾ ಕೆಲಸ ಉಳಿಸಿಕೊಳ್ಳಾಕ ಒಲ್ಲೆ."

"ಮತ್ತ ಕೆಲಸ?"

"ಮಾತು ಕೊಟ್ಟೀನಿ," ಎಂದಳು. ಆಮೇಲೆ ಮುಖಕ್ಕೆ ನೀರು ಹಾಕಿಕೊಂಡಳು, ಅಳುವುದು ನನಗೆ ಕಾಣದಿರಲೆಂದು. ಮಕ್ಕಳ ಕೈ ಹಿಡಿದು ಸೂಜಿ ಚುಚ್ಚುವ ಆ ಕೆಲಸ ಅವಳಿಗೆ ಎಷ್ಟು ಪ್ರೀತಿಯದೆಂದು ನನಗೆ ಗೊತ್ತಿತ್ತು. ಹಾಗಿದ್ದೂ ಬಾಯಿ ಬಿಡಲೊಲ್ಲಳು. ನನಗೆ ಸಿಟ್ಟೂ ಬಂತು, ಅವಳ ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡೂ ಮಾಡದೆ ನಿಂತೆ.

ಹೊರಗೆ ಬಂದಾಗ ಪಡಸಾಲೆಯಲ್ಲಿ ಅವ್ವ ಇರಲಿಲ್ಲ. ಹಿತ್ತಲಲ್ಲಿದ್ದಳು. ವ್ಯಾಪಾರಸ್ಥರ ಹೆಂಗಸು ಕೈಯಿಂದ ಮುಟ್ಟದೆ ಯಾವುದನ್ನೂ ಒಪ್ಪುವವಳಲ್ಲ. ಬಿದ್ದ ಸೈಕಲ್ಲಿಗೆ ಏನಾಗಿದೆಯೆಂದು ಹ್ಯಾಂಡಲು, ಪ್ಯಾಡಲು, ಚಕ್ರ ಎಲ್ಲ ತಡವುತ್ತಿದ್ದಳು. ರಿಮ್ಮಿನ ಮೇಲೆ ಬೆರಳು ಜಾರಿತು. ನಿಂತಳು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಶಿವಗಂಗಾ ಸೈಕಲ್ಲಿಗೆ ಹಾಕುವುದು ಮಷೀನ್ ಎಣ್ಣೆ, ಅದು ಬೇರೆ ವಾಸನೆ. ಇದು ಅಡುಗೆಮನೆಯ ಕುಸುಬಿ ಎಣ್ಣೆ. ಬ್ರೇಕಿನ ಹಿಡಿ ಒತ್ತಿದಳು, ರಬ್ಬರು ಬಂದು ರಿಮ್ಮಿಗೆ ಕೂತಿತು. ಇನ್ನೊಂದು ಕೈಯಿಂದ ಚಕ್ರ ತಳ್ಳಿದಳು. ಚಕ್ರ ನಿಲ್ಲದೆ ತಿರುಗಿತು.

ಅವ್ವ ಬಹಳ ಹೊತ್ತು ಆ ತಿರುಗುವ ಚಕ್ರವನ್ನೇ ನೋಡಿದಳು.

"ಶಿವಗಂಗಾ," ಎಂದು ಕರೆದಳು. ಇವಳು ಚೂಡಿದಾರದ ವೇಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು.

"ತಕ್ಕಡಿ ತಟ್ಟಿಗೆ ಎಣ್ಣಿ ಹಚ್ಚಬಾರ್ದು, ಹಚ್ಚಿದ್ರ ಹಿಟ್ಟು ಅಂಟಿ ತೂಕ ಸುಳ್ಳಾಗತೈತಿ ಅಂತ ಈ ಮನಿಗೆಲ್ಲ ಕಲಿಸಿದಾಕಿ ನಾನು," ಎಂದಳು ಅವ್ವ. "ಸೈಕಲ್ಲಿಗೂ ಒಂದು ತಟ್ಟಿ ಇರತೈತಿ ಅಂತ ನನಗ ತಿಳೀಲಿಲ್ಲ. ನಿನಗ ತಿಳಿದಿತ್ತು. ಯಾಕ ಹೇಳಲಿಲ್ಲ?"

ಶಿವಗಂಗಾ ಹ್ಯಾಂಡಲಿನ ಮೇಲಿನ ವಿಭೂತಿ ನೋಡಿದಳು.

"ನಾ ಆಡಿದ ಮಾತು ತಗೊಳ್ಳಾಕಿ ಅಲ್ಲ," ಎಂದಳು ಅವ್ವ. "ಬಿದ್ರ ಕೆಲಸ ಬಿಡು ಅಂದೀನಿ. ಆದ್ರ ನೀ ಬಿದ್ದಿಲ್ಲ. ನಾ ಕೆಡವೀನಿ. ಕೆಡವಿದ್ದು ಆ ಮಾತಿನ್ಯಾಗ ಬರಂಗಿಲ್ಲ."

ನಮ್ಮವ್ವನನ್ನು ನಾನು ನಲವತ್ತು ವರ್ಷದಿಂದ ಬಲ್ಲೆ. ತೂಕದಲ್ಲಿ ಒಂದು ಕಾಳು ತನ್ನ ಕಡೆ ಎಳೆದುಕೊಂಡವಳಲ್ಲ, ಗಿರಾಕಿಗೆ ಬಿಟ್ಟವಳೂ ಅಲ್ಲ. ಆವತ್ತು ತನ್ನ ಮೇಲೇ ತಕ್ಕಡಿ ಹಿಡಿದು ನೇರ ತೂಗಿದಳು. ಮನೆಯಲ್ಲಿ ಇಂಥ ಇಬ್ಬರಿರುವಾಗ ನನ್ನಂಥವನು ಮಾಲು ಇಳಿಸಿಕೊಂಡಿರುವುದೇ ಸರಿ.

ಶಿವಗಂಗಾಳಿಗೆ ಆಗ ಅಳು ತಡೆಯಲಾಗಲಿಲ್ಲ. ಅವ್ವ ಅವಳ ಪಟ್ಟಿ ಕಟ್ಟಿದ ಮೊಣಕೈಯನ್ನು ನೋಯದಂತೆ ಹಿಡಿದು ಸೈಕಲ್ಲಿನ ಹತ್ತಿರ ಎಳೆದುಕೊಂಡಳು.

"ಅತ್ತದ್ದು ಸಾಕು," ಎಂದಳು. "ಮುಂದಿನ ಅಮಾಸಿಗೆ ನಾ ಮತ್ತ ಹಚ್ಚಾಕಿ. ಎಲ್ಲೆಲ್ಲಿ ಹಚ್ಚಬಾರ್ದು, ಈಗ್ಲೇ ತೋರ್ಸು."

ನನ್ನ ಹೆಂಡತಿ ಅತ್ತೆಯ ಬೆರಳು ಹಿಡಿದು ರಿಮ್ಮಿನ ಅಂಚಿನ ಮೇಲೆ ಒಂದು ಸುತ್ತು ಎಳೆದಳು.

"ಇಲ್ಲಿ ಬ್ಯಾಡ್ರಿ ಅತ್ತಿ," ಎಂದಳು. "ಉಳಿದದ್ದೆಲ್ಲ ನಿಮ್ದು."